ದಾರಿಗೆ ಎರಡು ತುದಿ ಇರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಗೆ 50 ವರ್ಷ ತುಂಬಿದ ಈ ಸಂದರ್ಭದಲ್ಲಿ ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಅವರ ಕ್ಷಮೆ ಕೋರಿ ನಾನು ರಸ್ತೆಯ ಬಗ್ಗೆ ಮಾತಾಡುತ್ತೇನೆ. ಬಿ.ಇ. ಮುಗಿಸಿ ಬೆಂಗಳೂರು ಸೇರಿ 13 ವರ್ಷವಾಯಿತು. ಅಲ್ಲಿ ದಿನಕ್ಕೆ ಎರಡು ಗಂಟೆ ನನಗೆ ರಸ್ತೆಯಲ್ಲೇ ಕಳೆಯುತ್ತದೆ. ಯಾಕೆ ಹೀಗೆ ಎಂದು ಕುತೂಹಲದಿಂದ ಓದುತ್ತಾ ಹೋದಾಗ ತಿಳಿದ ಕೆಲವು ಸಂಗತಿಗಳು ಈಗ ನಮ್ಮೂರಿಗೂ ಬೇಕಾಗಿವೆ.

ಟ್ರಾಫಿಕ್ ಎಂದರೆ ಎಲ್ಲರೂ ಹೇಳುವುದು ಎರಡು ಕಾರಣ. ಜನ ಜಾಸ್ತಿ, ವಾಹನ ಜಾಸ್ತಿ. ಸುಳ್ಳಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 65 ಲಕ್ಷ ಇದ್ದದ್ದು 2011ರಲ್ಲಿ 96 ಲಕ್ಷ ಆಯಿತು. ಆದರೆ ಮೂರನೆಯ ಕಾರಣವೊಂದಿದೆ. ಹೊಸ ಬೆಂಗಳೂರಿನ ರಸ್ತೆಗಳು ಒಂದನ್ನೊಂದು ಕೂಡುವುದಿಲ್ಲ.

ಮಲ್ಲೇಶ್ವರ, ಬಸವನಗುಡಿಗಳನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. 1890ರ ದಶಕದಲ್ಲಿ ಯೋಜಿಸಿ, 1898ರ ಪ್ಲೇಗಿನ ನಂತರ ವೇಗವಾಗಿ ಬೆಳೆದ ಬಡಾವಣೆಗಳು ಅವು. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಉದ್ದಕ್ಕೆ ಹೋಗುತ್ತವೆ. ಅವುಗಳನ್ನು ಒಂದಾದ ಮೇಲೊಂದು ಅಡ್ಡರಸ್ತೆಗಳು ಕೂಡಿಸುತ್ತವೆ. ಎಂಟನೇ ಕ್ರಾಸಿನಲ್ಲಿ ಜನಸಂದಣಿ ಇದ್ದರೆ ಒಂಬತ್ತನೇ ಕ್ರಾಸಿನಲ್ಲಿ ತಿರುಗಿಕೊಳ್ಳಬಹುದು.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಗಣಿತದ ಮೇಷ್ಟ್ರು ಎದುರಿಗೇ ಕುಳಿತಿದ್ದಾರೆ, ತಪ್ಪಿದ್ದರೆ ತಿದ್ದಲಿ. ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು, ಹೀಗೆ ಒಂಬತ್ತು ಚೌಕಗಳಿರುವ ಬಡಾವಣೆ ಎಂದುಕೊಳ್ಳಿ. ಒಂದು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪವೂ ಸುತ್ತಾಗದಂತೆ ಹೋಗಲು 20 ದಾರಿಗಳಿವೆ. ಒಂದು ಕಡೆ ಪೈಪಿಗೆಂದು ರಸ್ತೆ ಅಗೆದರೂ ಬೇರೆ ದಾರಿ ಉಳಿಯುತ್ತದೆ. ಅದೇ ಜಾಗಕ್ಕೆ ಸುತ್ತ ಗೋಡೆ ಕಟ್ಟಿ ಒಂದೇ ಗೇಟು ಇಟ್ಟರೆ ಹೊರಗೆ ಹೋಗಲು ದಾರಿ ಒಂದೇ. ಆಂಬುಲೆನ್ಸಿಗೂ ಅದೇ, ಹಾಲಿನ ಗಾಡಿಗೂ ಅದೇ, ಶಾಲೆಯ ಬಸ್ಸಿಗೂ ಅದೇ.

ನಾನಿರುವ ಪೂರ್ವ ಬೆಂಗಳೂರಿನ ಸ್ಥಿತಿ ಇದು. ನಮ್ಮ ಮನೆಯ ಕಿಟಕಿಯಿಂದ ತರಕಾರಿ ಅಂಗಡಿ ಕಾಣುತ್ತದೆ. ನೇರ ಅಳೆದರೆ 150 ಮೀಟರ್. ನಡುವೆ ಎರಡು ಕಾಂಪೌಂಡ್ ಗೋಡೆ. ರಸ್ತೆಯಲ್ಲಿ ಹೋದರೆ 2 ಕಿಲೋಮೀಟರಿಗಿಂತ ಹೆಚ್ಚು. ಹಾಗಾಗಿ ಒಂದು ಕಟ್ಟು ಕೊತ್ತಂಬರಿ ತರಲು ಜನ ಸ್ಕೂಟರ್ ತೆಗೆಯುತ್ತಾರೆ. ಇಂತಹ ನೂರಾರು ಬಡಾವಣೆಗಳ ಗೇಟುಗಳೆಲ್ಲ ಸರ್ಜಾಪುರ ರಸ್ತೆ, ವರ್ತೂರು ರಸ್ತೆ, ಹೊರವರ್ತುಲ ರಸ್ತೆಗಳ ಕಡೆಗೇ ತೆರೆದುಕೊಳ್ಳುತ್ತವೆ. ಪಕ್ಕದ ಬೀದಿಗೆ ಹೋಗುವವನೂ ಪಕ್ಕದ ಊರಿಗೆ ಹೋಗುವವನೂ ಒಂದೇ ರಸ್ತೆಯಲ್ಲಿ ನಿಂತಿರುತ್ತಾರೆ.

ಹೀಗಾಗಬೇಕೆಂದು ಯಾರೂ ಬಯಸಿರಲಿಲ್ಲ. ಅವೆಲ್ಲ ಮೊದಲು ರಾಗಿ ಹೊಲ, ತೋಟಗಳಿದ್ದ ಹಳ್ಳಿಗಳು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡುವ ಹೊತ್ತಿಗೆ ಎಷ್ಟೋ ಕಡೆ ಬಡಾವಣೆ ಎದ್ದಾಗಿತ್ತು. ಇವತ್ತು ಒಬ್ಬರ ಎರಡು ಎಕರೆ, ನಾಳೆ ಪಕ್ಕದವರ ಮೂರು ಎಕರೆ, ಹೀಗೆ ಸರ್ವೆ ನಂಬರಿಗೊಂದು ಬಡಾವಣೆ. ಪ್ರತಿಯೊಬ್ಬರೂ ತಮ್ಮ ಜಮೀನಿನ ಒಳಗೆ ಮಾತ್ರ ರಸ್ತೆ ಎಳೆದರು. ಹೊಲದ ಬದು ಇದ್ದಲ್ಲಿ ಕಾಂಪೌಂಡ್ ಬಂತು. ಎತ್ತಿನಗಾಡಿಗೆಂದು ಇದ್ದ ಹಳ್ಳಿಯ ದಾರಿಯೇ ಎಲ್ಲರಿಗೂ ಮುಖ್ಯರಸ್ತೆಯಾಯಿತು.

ಇದು ಬೆಂಗಳೂರಿನದಷ್ಟೇ ಕಥೆಯಲ್ಲ. ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಮ್ ಮಿಲಾರ್ಡ್-ಬಾಲ್ ಎಂಬ ಸಂಶೋಧಕರು, ಜನಸಾಮಾನ್ಯರೇ ಸೇರಿ ರಚಿಸಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಬಳಸಿ ಪ್ರಪಂಚದ ರಸ್ತೆಗಳನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಜಗತ್ತಿನ ಬಹುಭಾಗದಲ್ಲಿ ಹೊಸದಾಗಿ ಆಗುತ್ತಿರುವ ರಸ್ತೆಗಳ ಪರಸ್ಪರ ಕೂಡಿಕೆ 1975ರಿಂದೀಚೆಗೆ ಕಡಿಮೆಯಾಗುತ್ತಾ ಬಂದಿದೆ. ಅರ್ಜೆಂಟೀನಾ, ಬೊಲಿವಿಯಾ, ಪೆರುವಿನಂತಹ ಕೆಲವು ದೇಶಗಳು ಮಾತ್ರ ಚೌಕದ ಪದ್ಧತಿಯನ್ನು ಉಳಿಸಿಕೊಂಡಿವೆ. ಅವರು ಹೇಳುವ ಮುಖ್ಯ ಮಾತು ಇದು: ಮನೆ ಹಳೆಯದಾದರೆ ಕೆಡವಿ ಕಟ್ಟಬಹುದು, ಆದರೆ ಒಮ್ಮೆ ಎಳೆದ ರಸ್ತೆಯ ಗೆರೆ ಬಹಳ ಕಾಲ ಬದಲಾಗುವುದಿಲ್ಲ.

ಹಿರಿಯರೇ, ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೆಯ ಊರಿನಲ್ಲಿ ಓಣಿ ಚಿಕ್ಕದಾದರೂ ಒಂದು ಕಡೆ ಹೊಕ್ಕರೆ ಇನ್ನೊಂದು ಕಡೆ ಹೊರಬೀಳಬಹುದು. ತೇರು ಒಂದು ಬೀದಿಯಲ್ಲಿ ಹೊರಟು ಊರು ಸುತ್ತಿ ಇನ್ನೊಂದು ಬೀದಿಯಿಂದ ಗುಡಿಗೆ ಬರಬೇಕಲ್ಲವೇ! ಆದರೆ ಹೆದ್ದಾರಿ ಅಗಲವಾದ ಮೇಲೆ ಶಾಲೆಯ ಹಿಂದಿನ ಹೊಲಗಳಲ್ಲಿ ಸೈಟಿನ ಕಲ್ಲು ನೆಟ್ಟಿದ್ದಾರೆ. ನಿನ್ನೆ ಸಂಜೆ ಹೋಗಿ ನೋಡಿದೆ. ಹಟ್ಟಿಯ ಮಕ್ಕಳು ಶಾಲೆಗೆ ಬರುವ ಬಂಡಿದಾರಿ ಆ ಹೊಲಗಳ ನಡುವೆಯೇ ಹೋಗುತ್ತದೆ. ಅಲ್ಲಿ ಗೋಡೆ ಬಂದರೆ ಹತ್ತು ನಿಮಿಷ ನಡೆದು ಬರುವ ಮಕ್ಕಳು ಹೆದ್ದಾರಿಯ ಅಂಚಿನಲ್ಲಿ ಸುತ್ತಿ ಬರಬೇಕು. ಲಾರಿಗಳು ಹೋಗುವ ವೇಗ ನಿಮಗೇ ಗೊತ್ತು. ದಾರಿ ದೂರವಾಯಿತೆಂದು ಮೊದಲು ಶಾಲೆ ಬಿಡುವವರು ಯಾರು ಎಂಬುದೂ ಗುರುಗಳಿಗೆ ಗೊತ್ತು. ಅದು ಹೆಣ್ಣುಮಕ್ಕಳು.

ಜಮೀನು ಮಾರಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ನನಗೆ ಹಕ್ಕಿಲ್ಲ. ಕೇಳುವುದಿಷ್ಟೇ: ಬಡಾವಣೆಯ ರಸ್ತೆ ಪಕ್ಕದ ಹೊಲದ ಬದುವಿನವರೆಗೂ ಹೋಗಲಿ, ಕೊನೆಯಲ್ಲಿ ಸೈಟು ಮಾಡಬೇಡಿ. 30 ಅಡಿ ಅಗಲ, 40 ಅಡಿ ಉದ್ದದ ಜಾಗ ಬಿಟ್ಟರೆ ಆಯಿತು. ಲೆಕ್ಕ ಹಾಕಿದರೆ ಅದು ಒಂದು ಸೈಟು. ಒಂದು ಸೈಟಿನ ಹಣ ಸಣ್ಣದಲ್ಲ, ನಿಜ. ಆದರೆ ಮನೆಗಳೆದ್ದ ಮೇಲೆ ಅದೇ ರಸ್ತೆ ಬೇಕೆಂದರೆ ಪರಿಹಾರ ಕೊಟ್ಟು, ಕೋರ್ಟು ಹತ್ತಿ, ಒಬ್ಬರ ಮನೆ ಒಡೆಯಬೇಕಾಗುತ್ತದೆ.

ರಸ್ತೆ ಕೂಡಿಸಿದರೆ ಕಂಡವರೆಲ್ಲ ನಮ್ಮ ಬೀದಿಯಲ್ಲಿ ಗಾಡಿ ಓಡಿಸುತ್ತಾರೆ, ಕಳ್ಳಕಾಕರ ಭಯ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಅದಕ್ಕೂ ಉಪಾಯವಿದೆ. ರಸ್ತೆಯ ಕೊನೆಗೆ ಹತ್ತಿರ ಹತ್ತಿರ ಕಲ್ಲುಕಂಬಗಳನ್ನು ನಿಲ್ಲಿಸಿ. ಕಾರು ದಾಟುವುದಿಲ್ಲ, ಮಕ್ಕಳು ಮತ್ತು ಸೈಕಲ್ಲು ದಾಟುತ್ತವೆ. ಮುಂದೆ ಬೇಕೆಂದರೆ ಕಂಬ ತೆಗೆಯಬಹುದು. ಕಟ್ಟಿದ ಮನೆಯನ್ನು ಹಾಗೆ ತೆಗೆಯಲಾಗದು.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ಸಲಹೆ. ಭೂಮಾಪನ ಇಲಾಖೆಯ ಗ್ರಾಮ ನಕಾಶೆಯಲ್ಲಿ ಹಳೆಯ ಬಂಡಿದಾರಿ, ಕಾಲುದಾರಿಗಳ ಗುರುತು ಇರುತ್ತದೆ. ನಕಾಶೆ ಕಂಡ ದಾರಿಯನ್ನು ಮುಚ್ಚಲು ಯಾರಿಗೂ ಹಕ್ಕಿಲ್ಲ ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಆ ನಕಾಶೆ ಹಿಡಿದು ಒಂಬತ್ತನೇ ತರಗತಿಯ ಮಕ್ಕಳ ಜೊತೆ ಎರಡು ಭಾನುವಾರ ನಡೆಯೋಣ. ಈಗ ಜನ ಓಡಾಡುವ ದಾರಿಗಳನ್ನೆಲ್ಲ ಮೊಬೈಲಿನಲ್ಲಿ ಗುರುತು ಮಾಡೋಣ. ನಕ್ಷೆ ಸಿದ್ಧಮಾಡುವ ಕೆಲಸ ನನ್ನದು ಮತ್ತು ನನ್ನ ತರಗತಿಯ ಇನ್ನಿಬ್ಬರದು. ಅದನ್ನು ಗ್ರಾಮಸಭೆಯ ಮುಂದಿಟ್ಟು, ಮುಂದೆ ಬರುವ ಪ್ರತಿ ಬಡಾವಣೆಯ ನಕ್ಷೆಯನ್ನೂ ಇದರ ಜೊತೆ ಹೋಲಿಸಿ ನೋಡಿ ಎಂದು ಕೇಳೋಣ. ಮೊದಲ ಕೆಲಸ ಹಟ್ಟಿಯ ದಾರಿಯದು. ಅಲ್ಲಿ ಇನ್ನೂ ಕಲ್ಲು ಮಾತ್ರ ನೆಟ್ಟಿದ್ದಾರೆ, ಗೋಡೆ ಬಂದಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಶಾಲೆಯ ಗೇಟಿನ ಹತ್ತಿರ ಇರುತ್ತೇನೆ. ಬರುವವರು ಬನ್ನಿ.