ಕಾರ್ಡಿಯಲ್, ಸೌಹಾರ್ದ, ಬರ್ರಿ

ಇಂಗ್ಲಿಷಿನ 'ಕಾರ್ಡಿಯಲ್' ಪದದ ಬೇರು ಲ್ಯಾಟಿನ್ನಿನ 'ಕೋರ್', ಅಂದರೆ ಹೃದಯ. ಒಂದು ಕಾಲಕ್ಕೆ ಎದೆಗೆ ಬಲ ಕೊಡುವ ಔಷಧಕ್ಕೂ ಅದೇ ಹೆಸರಿತ್ತು. ಹಣ್ಣಿನ ಪಾನಕಕ್ಕೆ ಈಗಲೂ ಇದೆ. ನಮ್ಮ 'ಸೌಹಾರ್ದ' ಹುಟ್ಟಿದ್ದೂ 'ಸುಹೃದ್' ಎಂಬುದರಿಂದ, ಒಳ್ಳೆಯ ಹೃದಯದವನು ಎಂಬ ಮಾತಿನಿಂದ. ಹಾಗಾಗಿ ಒಂದಕ್ಕೆ ಇನ್ನೊಂದು ಅರ್ಥ ಎಂದು ಬರೆದುಬಿಡುವುದು ಸುಲಭ. ಬಳಕೆ ಮಾತ್ರ ಬೇರೆ ಹಾದಿ ಹಿಡಿದಿದೆ. 'ಕಾರ್ಡಿಯಲಿ' ದ್ವೇಷಿಸುವುದು ಎಂಬ ಪ್ರಯೋಗ ಇಂಗ್ಲಿಷಿನಲ್ಲಿದೆ. ಮನಸಾರೆ ಎಂಬ ಹಳೆಯ ಅರ್ಥ ಅಲ್ಲಿ ಉಳಿದುಕೊಂಡಿದೆ. ಉಳಿದ ಕಡೆ ಇಬ್ಬರ ಸಂಬಂಧ ಕಾರ್ಡಿಯಲ್ ಎಂದರೆ ಅವರು ಪ್ರಾಣಸ್ನೇಹಿತರೆಂದು ಯಾರೂ ತಿಳಿಯುವುದಿಲ್ಲ. ಎದುರಾದಾಗ ಮುಖ ತಿರುಗಿಸುವುದಿಲ್ಲ, ಮಾತು ಬಿರುಸಾಗುವುದಿಲ್ಲ, ಅಷ್ಟೇ. ಶತಮಾನಗಳ ಕಾಲ ಕಾದಾಡಿದ ಬ್ರಿಟನ್ ಮತ್ತು ಫ್ರಾನ್ಸ್ 1904ರಲ್ಲಿ ಈಜಿಪ್ಟ್, ಮೊರಾಕ್ಕೊಗಳ ತಕರಾರು ತೀರಿಸಿಕೊಂಡ ಒಪ್ಪಂದಕ್ಕೂ ಈ ವಿಶೇಷಣವೇ ಅಂಟಿತು. ಹೃದಯದ ಪದ ಹೀಗೆ ನಡತೆಯ ಪದವಾಯಿತು. ಇದನ್ನು ಪದದ ಇಳಿತವೆಂದು ನಾನು ಎಣಿಸುವುದಿಲ್ಲ.

ನಮ್ಮ ಬೆಳಗಾವಿಯ ಟಿಳಕವಾಡಿಯಲ್ಲಿ 'ಸೌಹಾರ್ದ' ಕಣ್ಣಿಗೆ ಬೀಳುವುದು ಹೆಚ್ಚಾಗಿ ಸಹಕಾರಿ ಸಂಘಗಳ ಫಲಕಗಳ ಮೇಲೆ. 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯ ನಂತರ ಅದು ಠೇವಣಿ, ಸಾಲಗಳ ಜೊತೆ ಸೇರಿತು. ಜನ ಅದನ್ನು ಬರೀ 'ಸೊಸೈಟಿ' ಅನ್ನುತ್ತಾರೆ. ಇಲ್ಲಿಯ ಬಾಯಿಮಾತಿನಲ್ಲಿ ಸೌಹಾರ್ದವನ್ನು ಹೊರುವುದು ನಾಮಪದವಲ್ಲ, 'ರೀ' ಎಂಬ ಒಂದಕ್ಷರ. 'ಬರ್ರಿ, ಕೂಡ್ರಿ, ಚಾ ತಗೋರಿ' ಎನ್ನುವಾಗ ಅದು ಕ್ರಿಯಾಪದದ ಕೊನೆಗೆ ಬರುತ್ತದೆ. 'ಹೌದ್ರೀ', 'ಇಲ್ರೀ', 'ಎಷ್ಟ್ರೀ' ಎನ್ನುವಾಗ ಯಾವ ಪದಕ್ಕಾದರೂ ಹತ್ತಿಕೊಳ್ಳುತ್ತದೆ. ಬೇಡ ಎನ್ನುವುದಕ್ಕೂ 'ರೀ' ಇದೆ ಎಂಬುದನ್ನು ಗಮನಿಸಬೇಕು, ನಿರಾಕರಣೆಯೂ ಮೃದುವಾಗುತ್ತದೆ. ಹೊರಡುವಾಗ ಕನ್ನಡದವರು 'ಬರ್ತೀನ್ರೀ' ಎಂದರೆ ಪಕ್ಕದ ಮನೆಯ ಮರಾಠಿಯವರು 'ಯೇತೋ' ಅನ್ನುತ್ತಾರೆ. ಹೋಗುವವರು ಬರುತ್ತೇನೆ ಎನ್ನುವ ಈ ರೂಢಿ ಎರಡು ಭಾಷೆಗಳಿಗೂ ಒಂದೇ.

ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಆಡುವುದು ಬೂಟಾಟಿಕೆಯಲ್ಲವೇ ಎಂಬ ಆಕ್ಷೇಪಣೆ ಹಗುರವಾದುದಲ್ಲ. ಆದರೆ ಬೂಟಾಟಿಕೆಗೆ ಮೋಸದ ಉದ್ದೇಶ ಬೇಕು. 'ಬರ್ರಿ' ಎನ್ನುವವರು ಪ್ರೀತಿಯ ಆಣೆ ಇಟ್ಟಿರುವುದಿಲ್ಲ. 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿದ ಬೆಳಗಾವಿಯ ಗಡಿ ಪ್ರಶ್ನೆ 1967ರ ಮಹಾಜನ ಆಯೋಗದ ವರದಿಗೂ ಮುಗಿಯಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟು ಭಿನ್ನಾಭಿಪ್ರಾಯದ ನಡುವೆಯೂ ಒಂದೇ ಓಣಿಯಲ್ಲಿ ಬಾಳುವವರು ಹೃದಯ ಒಂದಾಗುವ ತನಕ ಕಾಯುತ್ತ ಕೂಡ್ರಲಾಗದು. ಅಲ್ಲಿಯವರೆಗೆ ಓಣಿಯನ್ನು ಕಾಯುವುದು ನಡತೆಯೇ.

ಎರಡನೆಯ ಆಕ್ಷೇಪಣೆ ನನ್ನನ್ನು ಹೆಚ್ಚು ಕಾಡುತ್ತದೆ. 'ರೀ' ಎಲ್ಲರಿಗೂ ಸಿಗುತ್ತದೆಯೇ? ಸಾಹೇಬರಿಗೆ 'ಬರ್ರಿ', ಗಟಾರ ಬಳಿಯುವ ವಯಸ್ಸಾದವರಿಗೆ 'ಬಾರಲೇ'. ಬಸವಣ್ಣನವರು 12ನೇ ಶತಮಾನದಲ್ಲೇ ಕರೆಯುವ ಮಾತನ್ನು ಸ್ವರ್ಗ-ನರಕದ ಪ್ರಶ್ನೆಯನ್ನಾಗಿ ಮಾಡಿದ್ದರು. ಮೇಲಕ್ಕೆ ಮಾತ್ರ ಹರಿಯುವ ಮರ್ಯಾದೆ ಅಂಜಿಕೆಯ ಇನ್ನೊಂದು ರೂಪ. ಅದನ್ನು ಕಾರ್ಡಿಯಲ್ ಎನ್ನಲು ಬರುವುದಿಲ್ಲ, ಸೌಹಾರ್ದ ಎನ್ನಲಂತೂ ಬರುವುದೇ ಇಲ್ಲ. ನಾಳೆ ಮುಂಜಾನೆ ಕಸದ ಗಾಡಿ ಬಾಗಿಲಿಗೆ ಬಂದಾಗ ಆ ಗಾಡಿಯವರನ್ನೂ 'ರೀ' ಹಚ್ಚಿ ಕರೆಯಿರಿ ಎಂದು ತಮ್ಮೆಲ್ಲರಲ್ಲಿ ಕೇಳಿಕೊಳ್ಳುತ್ತೇನೆ.