ಅಳೆಯುವ ಮುನ್ನ ಅಳತೆಗೋಲನ್ನು ನೋಡಿ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಗಳ ಮಾತು ಬರುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಆಡಿದ್ದಾರೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಬಿಡುವಿನಲ್ಲಿ ರೇಡಿಯೊ, ಪವರ್ ಸಪ್ಲೈ ಮುಂತಾದವನ್ನು ಬಿಚ್ಚಿ ರಿಪೇರಿ ಮಾಡುವುದು ನನ್ನ ಹವ್ಯಾಸ. ಇಂಥ ಹವ್ಯಾಸಕ್ಕೆ ನಮ್ಮ ಎರಡು ನಾಡುಗಳಲ್ಲಿಯೂ ಒಳ್ಳೆಯ ಪರಂಪರೆಯುಂಟು. 1924ರಲ್ಲಿ ಈ ಊರಿನಲ್ಲಿ ರೇಡಿಯೊ ಪ್ರಸಾರವನ್ನು ಆರಂಭಿಸಿದ್ದು ಸರ್ಕಾರವಲ್ಲ, ಹವ್ಯಾಸಿಗಳ ಮದರಾಸು ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ಬು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ನಡೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಹಿರಿಯರ ನೆನಪೇ ನನಗೆ ಇಂದು ಧೈರ್ಯ.

ನಮ್ಮ ಸಂಘದ ಅನೇಕ ಮನೆಗಳಲ್ಲಿ ಮಕ್ಕಳು ಗಿಂಡಿಯಲ್ಲೋ ಕ್ರೋಂಪೇಟೆಯಲ್ಲೋ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾರೆ. ಭಾನುವಾರ ಬಿಟ್ಟು ಬೇರೆ ಬಿಡುವು ಸಿಕ್ಕಿದರೆ ಅಣ್ಣಾ ಸಾಲೈ ಪಕ್ಕದ ರಿಚಿ ಸ್ಟ್ರೀಟಿಗೆ ಓಡುತ್ತಾರೆ. ಅಲ್ಲಿ ಹಣ ಕೂಡಿಸಿ ಕೊಳ್ಳುವ ಸಾಮಾನುಗಳಲ್ಲಿ ದೊಡ್ಡದು ಆಸಿಲೋಸ್ಕೋಪು. ಹಲವು ಸಲ ಇನ್ನೊಬ್ಬರು ಬಳಸಿ ಬಿಟ್ಟದ್ದು. ವೋಲ್ಟ್‌ಮೀಟರು ವಿದ್ಯುತ್ತಿನ ಒತ್ತಡ ಎಷ್ಟೆಂದು ಹೇಳುತ್ತದೆ. ಆಸಿಲೋಸ್ಕೋಪು ಅದು ಕ್ಷಣಕ್ಷಣಕ್ಕೂ ಹೇಗೆ ಏರಿಳಿಯುತ್ತಿದೆ ಎಂಬುದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಆಸ್ಪತ್ರೆಯಲ್ಲಿ ಎದೆಬಡಿತದ ಗೆರೆಯನ್ನು ನೋಡಿದವರಿಗೆ ಇದು ಹೊಸದೇನೂ ಅಲ್ಲ.

ಎಲ್ಲರೂ ಯಂತ್ರದ ಬೆಲೆಯನ್ನು ಕೇಳುತ್ತಾರೆ. ಅದರ ಜೊತೆಗೆ ಬರುವ ಪ್ರೋಬನ್ನು, ಎಂದರೆ ಮುಟ್ಟಿ ನೋಡುವ ಆ ತಂತಿಯನ್ನು, ಯಾರೂ ವಿಚಾರಿಸುವುದಿಲ್ಲ. ಯಂತ್ರ ಕಾಣುವುದೆಲ್ಲ ಆ ತಂತಿಯ ಮೂಲಕವೇ ತಾನೆ?

ಮೊದಲು ಒಂದು ಸಣ್ಣ ಲೆಕ್ಕ. ಒಂದೊಂದು ಮೆಗಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ 10 ವೋಲ್ಟು ಕೊಟ್ಟರೆ ನಡುವೆ 5 ವೋಲ್ಟು ಇರಬೇಕು. ಸಾಮಾನ್ಯವಾಗಿ ಸ್ಕೋಪಿನ ಒಳಬಾಗಿಲೂ ಒಂದು ಮೆಗಓಮೇ. ಅದನ್ನು ನೇರವಾಗಿ ನಡುವೆ ಮುಟ್ಟಿಸಿದರೆ ಪರದೆ ತೋರಿಸುವುದು 3.3 ವೋಲ್ಟು. ಯಂತ್ರ ಸುಳ್ಳು ಹೇಳಲಿಲ್ಲ. ಮುಟ್ಟಿದ್ದರಿಂದಲೇ ಅಲ್ಲಿನ ಒತ್ತಡ ಇಳಿಯಿತು. ಇದನ್ನು ತಪ್ಪಿಸಲೆಂದೇ ಹತ್ತುಪಟ್ಟಿನ ಪ್ರೋಬು ಬಂತು. ಅದರ ತುದಿಯಲ್ಲಿ 9 ಮೆಗಓಮಿನ ರೆಸಿಸ್ಟರು ಇರುತ್ತದೆ. ಒಟ್ಟು 10 ಮೆಗಓಮು ಆಗಿ, ಅದೇ ಜಾಗದಲ್ಲಿ 4.8 ವೋಲ್ಟಿನಷ್ಟು ಉಳಿಯುತ್ತದೆ. ಸ್ಕೋಪಿಗೆ ಹತ್ತರಲ್ಲಿ ಒಂದು ಪಾಲು ಮಾತ್ರ ತಲುಪುತ್ತದೆ. ಅದನ್ನು ಹತ್ತರಿಂದ ಗುಣಿಸಿ ಓದಬೇಕು.

ಇಷ್ಟಕ್ಕೇ ಮುಗಿದಿದ್ದರೆ ಈ ಭಾಷಣ ಬೇಕಿರಲಿಲ್ಲ. ತಂತಿಗೂ ಸ್ಕೋಪಿನ ಬಾಗಿಲಿಗೂ ಸ್ವಲ್ಪ ಕೆಪ್ಯಾಸಿಟೆನ್ಸು ಇದ್ದೇ ಇರುತ್ತದೆ. ನಿಧಾನವಾದ ಏರಿಳಿತವನ್ನು ರೆಸಿಸ್ಟರುಗಳು ಹತ್ತಕ್ಕೊಂದಾಗಿ ಹಂಚುತ್ತವೆ. ವೇಗದ ಏರಿಳಿತವನ್ನು ಹಂಚುವುದು ಈ ಕೆಪ್ಯಾಸಿಟೆನ್ಸುಗಳು. ಎರಡು ಹಂಚಿಕೆಯೂ ಒಂದೇ ಆಗಬೇಕು. ತಂತಿ, ಸ್ಕೋಪು ಎರಡೂ ಸೇರಿ 108 ಪಿಕೋಫ್ಯಾರಡ್ ಇದ್ದರೆ, ತುದಿಯಲ್ಲಿ 12 ಇರಬೇಕು. 9ನ್ನು 12ರಿಂದ ಗುಣಿಸಿದರೆ 108. 1ನ್ನು 108ರಿಂದ ಗುಣಿಸಿದರೂ 108. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಎರಡು ಬದಿಯ ಲೆಕ್ಕವೂ ತಾಳೆಯಾಯಿತು.

ತಾಳೆಯಾಗದಿದ್ದರೆ ಏನು ನಷ್ಟ? ತುದಿಯಲ್ಲಿ 12ರ ಬದಲು 9 ಇದೆಯೆನ್ನೋಣ. ಆಗ 100 ವೋಲ್ಟಿಗೆ ಸರಕ್ಕನೆ ಚಿಮ್ಮಿದ ಒತ್ತಡ ಪರದೆಯ ಮೇಲೆ 77 ವೋಲ್ಟಿನಂತೆ ಕಾಣುತ್ತದೆ. 80 ವೋಲ್ಟು ಮಾತ್ರ ತಾಳಬಲ್ಲ ಟ್ರಾನ್ಸಿಸ್ಟರು ಕ್ಷೇಮವಾಗಿದೆಯೆಂದು ಹುಡುಗ ನಂಬುತ್ತಾನೆ. ಮಾರನೆಯ ದಿನ ಅದು ಸುಟ್ಟುಹೋಗುತ್ತದೆ. ಪ್ರೋಬು ಇನ್ನೊಂದು ಕಡೆಗೆ ತಪ್ಪಿದ್ದರೆ, ಇಲ್ಲದ ಚಿಮ್ಮುವಿಕೆ ಕಾಣುತ್ತದೆ. ಸರಿಯಾಗಿರುವ ಭಾಗಗಳನ್ನು ಒಂದೊಂದಾಗಿ ಕಿತ್ತು ಹೊಸದು ಹಾಕುತ್ತಾ ದುಡ್ಡು ಕಳೆಯುತ್ತಾನೆ.

ಬ್ಯಾಂಕಿನಲ್ಲಿ ನೋಟು ಎಣಿಸುವ ಯಂತ್ರದ ಮೇಲೆ ಅನುಮಾನ ಬಂದರೆ, ಕೈಯಲ್ಲಿ ಎಣಿಸಿಟ್ಟ ನೂರು ನೋಟುಗಳ ಕಟ್ಟನ್ನು ಅದರಲ್ಲಿ ಹಾಕಿ ನೋಡುತ್ತೇವೆ. ಗಿರಾಕಿಯನ್ನು ಅನುಮಾನಿಸುವುದು ಅದಾದ ಮೇಲೆ. ಸ್ಕೋಪಿನಲ್ಲಿಯೂ ಅಂಥದೊಂದು ಕಟ್ಟನ್ನು ಇಟ್ಟೇ ಕೊಟ್ಟಿರುತ್ತಾರೆ. ಮುಂಭಾಗದಲ್ಲಿರುವ ಒಂದು ಸಣ್ಣ ಕೊಂಡಿಯಿಂದ ಸಾಮಾನ್ಯವಾಗಿ 1 ಕಿಲೋಹರ್ಟ್ಸಿನ ಚೌಕಾಕಾರದ ಅಲೆ ಬರುತ್ತದೆ. ಪ್ರೋಬಿನ ಗುಂಡಿಯನ್ನು ಹತ್ತುಪಟ್ಟಿಗೆ ಸರಿಸಿ, ತುದಿಯನ್ನು ಅದಕ್ಕೆ ಸಿಕ್ಕಿಸಿ, ಕ್ಲಿಪ್ಪನ್ನು ಪಕ್ಕದ ಅರ್ಥ್ ಕೊಂಡಿಗೆ ಹಾಕಿ. ಅಲೆಯ ಮೂಲೆ ದುಂಡಗಾಗಿದ್ದರೆ ಕೊರತೆ. ಮೂಲೆ ಕೋಡಿನಂತೆ ಚಾಚಿದ್ದರೆ ಅತಿ. ಪ್ರೋಬಿನ ತುದಿಯಲ್ಲೋ ಬುಡದಲ್ಲೋ ಇರುವ ಸಣ್ಣ ತಿರುಪನ್ನು ಪ್ಲಾಸ್ಟಿಕ್ಕಿನ ತಿರುಪುಳಿಯಿಂದ ಮೆಲ್ಲಗೆ ತಿರುಗಿಸಿ, ಅಲೆಯ ತಲೆ ಮಟ್ಟಸವಾದಾಗ ನಿಲ್ಲಿಸಿ. ಒಂದು ನಿಮಿಷದ ಕೆಲಸ.

ಈ ಹೊಂದಿಕೆ ಆ ಒಂದು ಸ್ಕೋಪಿನ ಆ ಒಂದು ಬಾಗಿಲಿಗೆ ಮಾತ್ರ. ಬೆಂಗಳೂರಿನ ಯಂತ್ರಕ್ಕೆ ಹೊಂದಿಸಿದ ಪ್ರೋಬನ್ನು ಇಲ್ಲಿಗೆ ತಂದರೆ ಮತ್ತೆ ಹೊಂದಿಸಬೇಕು. ಊರು ಬದಲಿಸಿ ಬಾಳು ಹೂಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಪ್ರೋಬುಗಳಿದ್ದರೆ ಬಣ್ಣದ ಉಂಗುರ ಹಾಕಿ ಯಾವುದು ಯಾವ ಬಾಗಿಲಿನದೆಂದು ಗುರುತಿಡಿ. ಎರಡು ಅಲೆಗಳ ಹೊತ್ತನ್ನು ಹೋಲಿಸುವಾಗ ಎರಡೂ ಒಂದೇ ಜಾತಿಯವು, ಒಂದೇ ಉದ್ದದವು ಆಗಿರಲಿ. ಸಾಧಾರಣ ಕೇಬಲಿನಲ್ಲಿ ಒಂದು ಮೀಟರು ದಾಟಲು ಅಲೆಗೆ ಸುಮಾರು 5 ನ್ಯಾನೊಸೆಕೆಂಡು ಹಿಡಿಯುತ್ತದೆ. ಕೊಳ್ಳುವಾಗ ಸ್ಕೋಪಿನ ಬಾಗಿಲ ಬಳಿ ಬರೆದ ಪಿಕೋಫ್ಯಾರಡ್ ಸಂಖ್ಯೆಯನ್ನು ಓದಿ. ಪ್ರೋಬಿನ ವ್ಯಾಪ್ತಿ 10ರಿಂದ 25 ಎಂದಿದ್ದು ಸ್ಕೋಪಿನದು 30 ಇದ್ದರೆ, ಎಷ್ಟು ತಿರುಗಿಸಿದರೂ ಹೊಂದುವುದು ಅನುಮಾನ. ಅಂಗಡಿಯಲ್ಲಿಯೇ ಚೌಕದ ಅಲೆಯನ್ನು ತೋರಿಸಿರೆಂದು ಕೇಳಲು ಸಂಕೋಚ ಬೇಡ.

ಕೊನೆಯ ಮಾತು ಪ್ರಾಣಕ್ಕೆ ಸಂಬಂಧಿಸಿದ್ದು. ದಯವಿಟ್ಟು ಗಮನವಿಟ್ಟು ಕೇಳಬೇಕು. ಗೋಡೆಯ ಪ್ಲಗ್ಗಿನಿಂದ ನಡೆಯುವ ಸ್ಕೋಪಿನಲ್ಲಿ ಪ್ರೋಬಿನ ಕ್ಲಿಪ್ಪು ಸಾಮಾನ್ಯವಾಗಿ ಕಟ್ಟಡದ ಅರ್ಥಿಂಗಿಗೆ ಕೂಡಿಕೊಂಡಿರುತ್ತದೆ. ಇಂದಿನ ಪವರ್ ಸಪ್ಲೈಗಳ ಒಳಗೆ ನಮ್ಮ ಮನೆಯ 230 ವೋಲ್ಟು ನೇರವಾಗಿ ಬಂದು ಸುಮಾರು 325 ವೋಲ್ಟು ಡಿ.ಸಿ. ಆಗುತ್ತದೆ. ಆ ಭಾಗಕ್ಕೆ ಕ್ಲಿಪ್ಪು ತಗುಲಿಸಿದರೆ ಕಿಡಿ ಹಾರಿ ಎಲ್ಲವೂ ಸುಡುತ್ತದೆ. ಇದನ್ನು ತಪ್ಪಿಸಲು ಕೆಲವರು ಸ್ಕೋಪಿನ ಅರ್ಥ್ ಪಿನ್ನನ್ನೇ ಕತ್ತರಿಸುತ್ತಾರೆ. ಆಗ ಕಿಡಿ ಹಾರುವುದಿಲ್ಲ. ಬದಲಿಗೆ ಸ್ಕೋಪಿನ ಲೋಹದ ಮೈಗೇ ವಿದ್ಯುತ್ತು ಬರುತ್ತದೆ, ಮುಟ್ಟಿದವರ ಪ್ರಾಣ ಹೋಗಬಹುದು. ರಿಪೇರಿಯಾಗುವ ಸಾಮಾನಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರು ಕೊಡಬೇಕು, ಇಲ್ಲವೆ ಡಿಫರೆನ್ಷಿಯಲ್ ಪ್ರೋಬು ಬಳಸಬೇಕು. ಎರಡೂ ಇಲ್ಲದಿದ್ದರೆ ಆ ಭಾಗವನ್ನು ಮುಟ್ಟದಿರುವುದೇ ಜಾಣತನ.

ತಂದೆತಾಯಂದಿರಲ್ಲಿ ನನ್ನ ಬಿನ್ನಹ ಇಷ್ಟೆ. ವಿಷಯ ನಮಗೆ ತಿಳಿಯದೆಂದು ಸುಮ್ಮನಿರಬೇಡಿ. ಮಗನೋ ಮಗಳೋ ಮೇಜಿನ ಮುಂದೆ ಕುಳಿತಾಗ ನಮ್ಮ ಮನೆಮಾತಿನಲ್ಲಿಯೇ ಎರಡು ಪ್ರಶ್ನೆ ಕೇಳಿ: ‘ಪ್ರೋಬು ಹೊಂದಿಸಿದೆಯಾ? ಅರ್ಥ್ ಪಿನ್ನು ಸರಿಯಾಗಿದೆಯಾ?’ ಎರಡಕ್ಕೂ ಹೌದೆಂಬ ಉತ್ತರ ಬಂದ ಮೇಲೆ ಕಾಫಿ ಕೊಡಿ.