ಮಾತ್ರೆ ಒಂದೇ, ಕೈ ಬೇರೆ
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಕೂಲಿ, ಬೋನಸ್ಸಿನ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮಕ್ಕಳ ಮಾತನ್ನು ಎತ್ತಿದ್ದೇವೆ. ಹೆಚ್.ಐ.ವಿ. ಎಂದೊಡನೆ ದನಿ ತಗ್ಗಿಸುವ ಅಭ್ಯಾಸ ನಮ್ಮ ಓಣಿಗಳಿಂದ ಇನ್ನೂ ಹೋಗಿಲ್ಲ. ಆ ಪಿಸುಮಾತಿನ ದಂಡ ತೆರುವವು ಕೂಸುಗಳು.

ಕೆಲವು ವರ್ಷಗಳ ಹಿಂದೆ ಗಿರಣಿ ಕೆಲಸಗಾರನೊಬ್ಬನ ಮಗುವನ್ನು ನೋಡಲು ನಾವು ಒಂದು ಆಸ್ಪತ್ರೆಗೆ ಹೋಗಿದ್ದೆವು. ಮಗುವಿನ ಹಾಸಿಗೆಯನ್ನು ಎಲ್ಲರಿಂದ ದೂರ, ಬಾಗಿಲ ಬಳಿ ಹಾಕಿದ್ದರು. ಊಟದ ತಟ್ಟೆಯನ್ನು ನೆಲಕ್ಕಿಟ್ಟು ಕಾಲಿನಿಂದ ತಳ್ಳಿದರು. ರಾತ್ರಿ ಪಾಳಿಗೆ ಬಂದ ದಾದಿಯೊಬ್ಬಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಂಜಿ ಕುಡಿಸಿ, ಮಾತ್ರೆ ಕೊಟ್ಟಳು. ಹಗಲೆಲ್ಲ ಉಗುಳಿದ ಮಾತ್ರೆಯನ್ನು ಮಗು ಆಗ ನುಂಗಿತು. ಮಾತ್ರೆ ಒಂದೇ, ಕೈ ಬೇರೆ.

ಮುಟ್ಟಿದರೆ, ಒಟ್ಟಿಗೆ ಉಂಡರೆ, ಸೊಳ್ಳೆ ಕಚ್ಚಿದರೆ ಈ ರೋಗ ಹರಡುವುದಿಲ್ಲ. ಮಕ್ಕಳಿಗೆ ಇದು ಬಹುಮಟ್ಟಿಗೆ ತಾಯಿಯಿಂದ ಬರುತ್ತದೆ: ಬಸಿರಿನಲ್ಲಿ, ಹೆರಿಗೆಯಲ್ಲಿ ಇಲ್ಲವೆ ಮೊಲೆಹಾಲಿನಲ್ಲಿ. ಚಿಕಿತ್ಸೆಯೇ ಇಲ್ಲದಿದ್ದರೆ ಇಂಥ ತಾಯಂದಿರ 100 ಕೂಸುಗಳಲ್ಲಿ 15ರಿಂದ 45ಕ್ಕೆ ತಗಲುತ್ತದೆ; ತಾಯಿಗೆ ಸಕಾಲದಲ್ಲಿ ಔಷಧಿ ಸಿಕ್ಕಿದರೆ 5ಕ್ಕಿಂತ ಕಡಿಮೆ. ತಗಲಿದ ಕೂಸುಗಳಿಗೆ ಔಷಧಿ ಸಿಗದಿದ್ದರೆ ಅರ್ಧದಷ್ಟು ಎರಡು ವರ್ಷ ತುಂಬುವುದರೊಳಗೆ ತೀರಿಹೋಗುತ್ತವೆ. ಆದ್ದರಿಂದಲೇ 6 ವಾರಕ್ಕೆ ಕೂಸಿನ ರಕ್ತಪರೀಕ್ಷೆ ಆಗಬೇಕು.

ಭಾರತ ಸರಕಾರ ಈ ಔಷಧಿಯನ್ನು 2004ರ ಏಪ್ರಿಲಿನಿಂದ ಪುಕ್ಕಟೆ ಕೊಡತೊಡಗಿತು. 2006ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಕಾರ್ಯಕ್ರಮ ಬಂತು. ಇದು ಒಳ್ಳೆಯ ಕೆಲಸವೇ. ಆದರೆ ಮಾತ್ರೆ ತಾನಾಗಿ ಮಗುವಿನ ಬಾಯಿಗೆ ಹೋಗುವುದಿಲ್ಲ. ಮಗುವಿನ ತೂಕ ಏರಿದಂತೆ ಔಷಧಿಯ ಪ್ರಮಾಣ ಬದಲಾಗುತ್ತದೆ. ಬಂದಾಗಲೆಲ್ಲ ತೂಗಿ ನೋಡಬೇಕು. ಕೆಮ್ಮು ಕಂಡರೆ ಕ್ಷಯವೇ ಎಂದು ವಿಚಾರಿಸಬೇಕು. ತಾಯಿ ತೀರಿದ್ದರೆ ಅಜ್ಜಿಗೆ ತಿಳಿಹೇಳಬೇಕು. ಪದೇಪದೇ ಮಾತ್ರೆ ತಪ್ಪಿದರೆ ಔಷಧಿಯ ಶಕ್ತಿಯೇ ಕುಂದುತ್ತದೆ. ಇಷ್ಟೆಲ್ಲದರ ಜತೆ ಗುಟ್ಟನ್ನೂ ಕಾಯಬೇಕು. ಇದೆಲ್ಲ ಬಹುಪಾಲು ದಾದಿಯ ದುಡಿಮೆ.

ಆ ದಾದಿಯೂ ನಮ್ಮ ಹಾಗೆ ದುಡಿಯುವವಳು. ಈ ಔಷಧಿ ಕೇಂದ್ರಗಳಲ್ಲಿ ಆಕೆ ಹೆಚ್ಚಾಗಿ ಗುತ್ತಿಗೆಯ ಮೇಲಿದ್ದಾಳೆ. ಕೈಗವಸು ಕೊಡದೆ, ತಿಳಿವಳಿಕೆ ಕೊಡದೆ, ‘ಹೆದರಬೇಡ’ ಎಂದು ಬರಿದೆ ಹೇಳಿದರೆ ಭಯ ಹೋದೀತೇ? 2018ರಲ್ಲಿ ಜಾರಿಗೆ ಬಂದ 2017ರ ಹೆಚ್.ಐ.ವಿ. ಕಾಯಿದೆ ರೋಗಿಗೆ ಭೇದ ಎಣಿಸುವುದನ್ನು ಆಸ್ಪತ್ರೆಯಲ್ಲಿಯೂ ಶಾಲೆಯಲ್ಲಿಯೂ ನಿಷೇಧಿಸುತ್ತದೆ. ಸೋಂಕಿನ ಅಪಾಯವಿರುವ ಕಡೆ ದುಡಿಯುವವರಿಗೆ ರಕ್ಷಣಾ ಸಾಮಗ್ರಿ, ತರಬೇತಿ, ಸೂಜಿ ಚುಚ್ಚಿದರೆ ತಡೆ-ಔಷಧಿ ಕೊಡಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಮಗುವಿನ ಹಕ್ಕು, ದಾದಿಯ ಹಕ್ಕು ಒಂದೇ ಕಾಗದದ ಮೇಲಿವೆ.

ಆದ್ದರಿಂದ ನಾವು ಕೇಳುವುದು ಇಷ್ಟು: ದಾದಿಯರ ಹುದ್ದೆ ತುಂಬಲಿ, ಖಾಯಂ ಆಗಲಿ. ಮಗುವನ್ನು ಔಷಧಿಗೆ ಕರೆದೊಯ್ದ ದಿನ ತಾಯಿತಂದೆಯ ಕೂಲಿ ಕಡಿಯದಿರಲಿ. ಕಾರಣ ಕೇಳಿ ಗುಟ್ಟು ಬಿಚ್ಚಿಸದಿರಲಿ. ಅಂಗಡಿಕಾರ ಮಿತ್ರರಲ್ಲಿ ಒಂದೇ ಬಿನ್ನಹ: ಆ ಮಗು ಬಂದು ಬೆಲ್ಲ ಕೇಳಿದರೆ, ಎಲ್ಲ ಮಕ್ಕಳಿಗೆ ಕೊಡುವಂತೆ ಕೈಗೇ ಕೊಡಿ.